ಹೆಚ್ಚು ಕಡಿಮೆ ಅರವತ್ತು

ಶಿರಹಟ್ಟಿಯಾಚೆಯ ಕೆರೆಯ ನಡುವೆ
ದುರಗಪ್ಪ ಬಾರಕೇರನ ಎರಡು ಹರಿಗೋಲು ಜೋಡಿಸಿ ಕಟ್ಟಿ
ಬೋರಿನ ಪೈಪು ಹೂಳಿಗಿಳಿಸಿದೆವು.
ನಾಲ್ಕಿಂಚಿನದು, ಗದಗಿನಲ್ಲಿ ಚೌಕಾಸಿ ಮಾಡಿ ತಂದದ್ದು.
ಸುತ್ತಿಗೆ ಬಿದ್ದಾಗೊಮ್ಮೆ ನಾವೇ ಅರ್ಧ ಸುತ್ತು ತಿರುಗುತ್ತಿದ್ದೆವು.
"ಏನ್ ಹುಡಕಾಕ ಹತ್ತೀರಿ ಅಕ್ಕಾರ, ಬಂಗಾರೇನ್ರಿ?"
"ಮಳಿ," ಅಂದರು ಹೊಂಬಳ ಮೇಡಂ. "ಹಳೇ ಮಳಿ."
ಆತ ನಗಲಿಲ್ಲ. ಎಲೆಯಡಿಕೆ ಉಗುಳಿ
ನೀರನ್ನೇ ನೋಡಿದ.

ಧಾರವಾಡ. ಕೆಳಮಹಡಿಯ ಲ್ಯಾಬು.
ಉದ್ದಕ್ಕೆ ಸೀಳಿದ ಪೈಪಿನೊಳಗೆ ಕೆರೆ ಮಲಗಿದೆ:
ಕರಿ, ಬೂದಿ, ಮತ್ತೆ ಕರಿ, ಒಂದು ಕಡೆ ಕೆಮ್ಮಣ್ಣಿನ ಗೆರೆ,
ಬಳೆ ಒತ್ತಿದ ಗುರುತಿನಷ್ಟು ತೆಳು.
ಸೆಂಟಿಮೀಟರಿಗೊಂದು ಗೀರು, ಒಂದು ಚೀಟಿ, ನನ್ನ ಕೈಬರಹ.
ಆಸಿಡ್ಡಿನಲ್ಲಿ ಕುದಿಸಿ, ಜಾಲಿಸಿ, ಮತ್ತೆ ಜಾಲಿಸಿ
(ಅವ್ವ ನವಣೆಯಲ್ಲಿ ಕಲ್ಲು ಕೆಳಗುಳಿಸಿ ಕಾಳೆತ್ತಿಕೊಳ್ಳುವ ಹಾಗೆ)
ಕಡೆಗೆ ಉಳಿಯುವುದು ಪರಾಗ.
ಎಣಿಸುವುದು ನನ್ನ ಕೆಲಸ, ಮುನ್ನೂರಾಗುವ ತನಕ.
ಹುಲ್ಲು, ಹುಲ್ಲು, ಜೊಂಡು, ಹುಲ್ಲು.
ಎಂಬತ್ತನೆಯ ಸೆಂಟಿಮೀಟರಿನಲ್ಲಿ ಜೊಂಡು ಪೂರ್ತಿ ಮಾಯ;
ಇದ್ದಿಲ ಪುಡಿ, ಬರೀ ಇದ್ದಿಲ ಪುಡಿ.
ಒಣಗಿದ ಅಂಗಳದಲ್ಲಿ ಯಾರೋ ಒಲೆ ಹೂಡಿದ್ದರು,
ಇಲ್ಲವೇ ಕಪ್ಪತಗುಡ್ಡ ಹೊತ್ತಿ ಉರಿದಿತ್ತು.
ಮಣ್ಣು ಇಷ್ಟೇ ಹೇಳುತ್ತದೆ.

ಮೇಲಿನ ಒಂದಡಿ ಇಲ್ಲವೇ ಇಲ್ಲ.
ಹೂಳೆತ್ತಿದ ವರ್ಷ ಟ್ರ್ಯಾಕ್ಟರುಗಳು ಒಯ್ದವು.
ಅಜ್ಜಿಯ ಕಾಲವೆಲ್ಲ ಮೆಣಸಿನಕಾಯಿ ಹೊಲ ಸೇರಿ
ಬ್ಯಾಡಗಿ ಪೇಟೆಯಲ್ಲಿ ಕೆಂಪಗೆ ತೂಗಿ ಹೋಯಿತು.
ಮೇಡಂ ತಲೆ ಹಿಡಿದು ಕೂತರು.
ನನಗೇಕೋ ಅಷ್ಟು ಕೆಡುಕೆನಿಸಲಿಲ್ಲ.

ವಯಸ್ಸು ಕೇಳಲು ಕಳಿಸಿದ್ದ ಚೂರಿಗೆ ಉತ್ತರ ಬಂತು:
ಒಂಬೈನೂರ ನಲವತ್ತು ವರ್ಷ, ಹೆಚ್ಚು ಕಡಿಮೆ ಅರವತ್ತು.
ಬಿಲ್ಲೂ ಬಂತು. ಅದರಲ್ಲಿ ಹೆಚ್ಚು ಕಡಿಮೆ ಇರಲಿಲ್ಲ.

ಅರವತ್ತು!
ಒಬ್ಬಳ ಇಡೀ ಬಾಳು ಹಿಡಿಸುವಷ್ಟು ಸಡಿಲ.
ನಮ್ಮಜ್ಜಿ ಫಕೀರವ್ವನನ್ನು ಯಾವಾಗ ಹುಟ್ಟಿದಿ ಎಂದರೆ
"ಕೆರಿ ಕೋಡಿ ಹರದ ವರ್ಷ, ಜ್ವಾಳ ತೆನಿ ಹಿಡದಿತ್ತು" ಎನ್ನುತ್ತಿದ್ದಳು;
ರೇಷನ್ ಕಾರ್ಡಿನವ ಜನವರಿ ಒಂದು ಎಂದು ಬರೆದುಕೊಂಡ.
ಈ ಕೆಂಪು ಗೆರೆ ಅವಳದಲ್ಲ, ಗೊತ್ತು. ಬಹಳ ಕೆಳಗಿದೆ.
ಬೇರೆ ಯಾವುದೋ ಕೋಡಿ, ಗುಡ್ಡ ತೊಳೆದು ತಂದ ಬೇರೆ ಮಣ್ಣು.
ಆದರೂ ಆ ರಾತ್ರಿ, ನೀರು ಅಬ್ಬರಿಸುವಾಗ,
ಯಾವಳಿಗೋ ಹೆರಿಗೆ ನೋವು ಬಂದಿರಬೇಕಲ್ಲ.
ಅದಕ್ಕೆ ಪಟ್ಟಿಯಲ್ಲಿ ಕಾಲಮ್ಮಿಲ್ಲ.

ಕರೆಂಟು ಹೋಯಿತು. ಸೂಕ್ಷ್ಮದರ್ಶಕದೊಳಗೂ ಕತ್ತಲೆ.
ಕಿಟಕಿಯಾಚೆ ಧಾರವಾಡದ ಸಣ್ಣ ಮಳೆ.
ಕಾದೆ.
ಬಂದ ಮೇಲೆ ಎಂಬತ್ತೊಂದನೆಯ ಚೀಟಿ ತೆಗೆದೆ.