ನೀರಲ್ಲಿ ಎಂಟು

ಅರ್ಧ ದಿನಕ್ಕೆ ಇನ್ನೂರು,
ಹುಟ್ಟು ಮುರಿದರೆ ಮೇಲೆ ನೂರು,
ಒತ್ತೆಗೆ ಕೈಗಡಿಯಾರ.
ಶಾವಂತ್ರೆವ್ವ ಅದನ್ನು ಕಿವಿಗೆ ಹಿಡಿದು ನೋಡಿ
ಸೆರಗಿನ ತುದಿಗೆ ಗಂಟು ಹಾಕಿದಳು.
‘ಅಂಬಿಗ ಬ್ಯಾಡೇನ್ರಿ? ನಮ್ಮ ಹುಡುಗ ಬರ್ತಾನ, ಐವತ್ತು ಕೊಡ್ರಿ ಸಾಕು.’
ಬೇಡ ಎಂದೆ. ಸಮುದ್ರದ ಕಡೆಯವನು ಎಂದೆ.
ಮಂಜಗುಣಿ ಎಂದೆ. ಅಪ್ಪನಿಗೆ ಪಾತಿದೋಣಿ ಇತ್ತು ಎಂದೆ.
ಕೇಳದೇ ಇದ್ದುದನ್ನೂ ಹೇಳಿದೆ.
‘ಹಂಗಾರ ಆತು. ಕಂಬದ ಹತ್ರ ಕೆಳಗ ಹಳೇ ಜಾಲಿ ಅದಾವ,
ಗಾಳ ಸಿಕ್ಕೊಂಡ್ರ ಕೊಯ್ದು ಬಿಡ್ರಿ,
ಜಗ್ಗಾಕ ಹೋಗಬ್ಯಾಡ್ರಿ.’

ಅನಗವಾಡಿ ಸೇತುವೆಯ ಕೆಳಗೆ ಹಿನ್ನೀರು
ಭಾನುವಾರದ ಬೆಳಿಗ್ಗೆ
ಯಾರೂ ಸಹಿ ಹಾಕದ ಹಾಜರಿ ಪುಸ್ತಕದ ಹಾಗೆ ಬಿದ್ದುಕೊಂಡಿತ್ತು.
ಹರಗೋಲು ದಂಡೆಯ ಮೇಲೆ ಬೋರಲು,
ಡಾಂಬರು ಬಳಿದ ಬೆನ್ನು, ಬೆನ್ನ ಮೇಲೊಂದು ಕೋಳಿ.
ಕೋಳಿ ಓಡಿಸಿ, ಮಗುಚಿ, ನೀರಿಗೆ ತಳ್ಳಿ
ಕೂತೆ.

ಕೂತಮೇಲೆ ತಿಳಿಯಿತು
ಇದಕ್ಕೆ ಮೂತಿಯಿಲ್ಲ.
ದೋಣಿಯೆಂದರೆ ಒಂದು ಮುಂದು, ಒಂದು ಹಿಂದು,
ಅಲೆಗೆ ಎದೆಗೊಡುವ ಚೂಪು ತುದಿ;
ನನಗೆ ಗೊತ್ತಿದ್ದದ್ದು ಅದು.
ಇದು ಬುಟ್ಟಿ.
ಎಡಕ್ಕೆ ಹುಟ್ಟು ಹಾಕಿದರೆ ಬಲಕ್ಕೆ ಸುತ್ತಿತು,
ಬಲಕ್ಕೆ ಹಾಕಿದರೆ ಎಡಕ್ಕೆ.
ಸೇತುವೆ ಬಂತು, ಕಬ್ಬಿನ ಲಾರಿ ಬಂತು, ಕೋಳಿ ಬಂತು,
ಸೇತುವೆ ಬಂತು.
ಅಪ್ಪನ ಹೆಸರು ಎತ್ತಿ ಇನ್ನೂ ಹತ್ತು ನಿಮಿಷ ಆಗಿರಲಿಲ್ಲ.

ಬಟ್ಟೆ ಒಗೆಯುತ್ತಿದ್ದ ಮೊಮ್ಮಗಳು, ನಾಲ್ಕೋ ಐದೋ ಇಯತ್ತೆ,
ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತಳು.
‘ಬಾಜೂಕ ಅಲ್ರೀ, ಮುಂದ! ಮುಂದ ಹುಟ್ಟು ಹಾಕಿ ನೀರಾಗ ಎಂಟು ಬರೀರಿ!’
ಬರೆದೆ.
ಸುತ್ತಿತು.
‘ಎಂಟ್ರೀ, ಎಂಟು!’
ಮತ್ತೆ ಬರೆದೆ,
ಇಪ್ಪತ್ತೆರಡು ವರ್ಷ, ಮೂರು ಡಿಪೋ,
ಬಸ್ಸು ಬಸ್ಸಿನ ಲಾಗ್‌ಶೀಟಿನಲ್ಲಿ ಬರೆದ ಹಾಗೇ,
ಬಾಯಿ ಮುಚ್ಚದ, ಗುಂಡನೆಯ ಎಂಟು.
‘ಅಯ್ಯ, ಕನ್ನಡದ ಎಂಟಲ್ರೀ!
ಇಂಗ್ಲಿಷ್ ಎಂಟು! ನಡಬರಕ ಗಂಟು ಬೀಳತೈತಲ್ಲ, ಅದು!’

ನಡುವೆ ಗಂಟು ಬೀಳುವ ಎಂಟು ಬರೆದೆ.
ಬುಟ್ಟಿ ಸ್ವಲ್ಪ ಯೋಚಿಸಿ
ಹೊರಟಿತು.

ಜೋಳದ ಹಿಟ್ಟಿನ ಉಂಡಿ ಗಾಳಕ್ಕೆ ಚುಚ್ಚಿ ಬಿಟ್ಟೆ.
ಅರ್ಧ ಮುಳುಗಿದ ಲೈಟುಕಂಬದ ಮೇಲೆ ನೀರುಕಾಗೆ
ರೆಕ್ಕೆ ಹರವಿ ಒಣಗಿಸುತ್ತಿತ್ತು,
ನನ್ನನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.
ಮಣಿಕಟ್ಟಿನಲ್ಲಿ ಗಡಿಯಾರವಿದ್ದ ಜಾಗ, ಬೆಳ್ಳಗೆ ಒಂದು ಪಟ್ಟಿ.
ಊರಲ್ಲಾದರೆ ಗಡಿಯಾರವೇ ಬೇಡ,
ಭರತ ನಿಂತರೆ ಬಲೆ ಬಿಡುವ ಹೊತ್ತು,
ಇಳಿತಕ್ಕೆ ಎಳೆಯುವ ಹೊತ್ತು.
ಇಲ್ಲಿನ ನೀರು ಏರದು, ಇಳಿಯದು,
ಮೇಲಿನವರ ಆದೇಶಕ್ಕೆ ಕಾದಿದೆ.
ಅಷ್ಟರಮಟ್ಟಿಗೆ ನಾವು ಒಂದೇ ಇಲಾಖೆ.

ಎರಡು ಸಲ ಜಗ್ಗಿತು.
ಒಮ್ಮೆ ಜಾಲಿ. ಕೊಯ್ದು ಬಿಟ್ಟೆ.
ಒಮ್ಮೆ ಮೀನೇ: ಅಂಗೈಯಗಲ ಜಿಲೇಬಿ.
ಬಿಡಿಸುವಾಗ ಬೆನ್ನಿನ ಮುಳ್ಳು ಹೆಬ್ಬೆರಳಿಗೆ ಹೊಕ್ಕಿತು.
ಬೆರಳು ಬಾಯಿಗಿಟ್ಟೆ, ಚಿಕ್ಕಂದಿನಲ್ಲಿ ಇಟ್ಟಹಾಗೆ.
ಉಪ್ಪಿತ್ತು.
ನೀರಿನದಲ್ಲ.

ಎಂಟು ಬರೆಯುತ್ತ ಬರೆಯುತ್ತ ದಂಡೆಗೆ ಬಂದಾಗ
ನೆತ್ತಿಗೆ ಬಿಸಿಲು.
ಮೊಮ್ಮಗಳು ಜಿಲೇಬಿಯ ಬಾಲ ಹಿಡಿದೆತ್ತಿ
‘ಇದ ಒಂದ?’ ಎಂದಳು.
ಹುಟ್ಟು ಬಿರುಕು ಬಿಟ್ಟಿದೆಯೆಂದು ಇಪ್ಪತ್ತು ಜಾಸ್ತಿ ಹಿಡಿದು
ಶಾವಂತ್ರೆವ್ವ ಸೆರಗಿನ ಗಂಟು ಬಿಚ್ಚಿದಳು,
ಗಡಿಯಾರ ಮತ್ತೆ ಕಿವಿಗೆ.
‘ನಡದೈತಿ. ತಗೋರಿ.
ಹೌದ್ರೀ, ನಿಮ್ಮ ಸಮುದ್ರದ ನೀರು
ದಿನಕ್ಕ ಎರಡು ಸಲ ಏರಿ ಇಳೀತೈತಂತ, ಖರೇನು?’
ಖರೆ ಎಂದೆ.
‘ಎರಡೂ ಸಲ ಗೇಟು ಯಾರು ತಗೀತಾರ?’
ಚಂದ್ರ ಎಂದೆ.
‘ಯಾವೂರಾಂವ?’

ಬಕಲು ಹಾಕಿಕೊಳ್ಳುತ್ತ ನಿಂತೆ.
ಬೋರಲು ಬಿದ್ದ ಹರಗೋಲಿನ ಒದ್ದೆ ಬೆನ್ನಿಗೆ
ಕೋಳಿ ಆಗಲೇ ಏರಿತ್ತು.