ಎರಡು ಬಂಗಡೆ ಹೆಚ್ಚಿಗೆ

ರುಜಾರ್ ಬಾಬ್ ತೀರಿಕೊಂಡ ಸುದ್ದಿ
ನನಗೆ ಬಂದದ್ದು ಐಸಿನ ಲಾರಿಯವನಿಂದ.
"ಅದೇ, ರೇಡಿಯೋದ ಗಿಟಾರಿನವ" ಅಂದ,
ಮತ್ತೆ ಐಸು ಒಡೆಯತೊಡಗಿದ.
ನಾನು ಇಸ್ವಣದ ಹೊಟ್ಟೆ ಸೀಳಿ ಕೂತಿದ್ದೆ, ಗಿರಾಕಿ ಕಾಯುತ್ತಿದ್ದಳು.
ತುಂಡಿನ ಲೆಕ್ಕ ತಪ್ಪಿತು.
ಆರೋ, ಏಳೋ.

ಶನಿವಾರ ರಾತ್ರಿ ಹತ್ತಕ್ಕೆ
ಕಾರವಾರದಲ್ಲಿ ಏನಿರುತ್ತದೆ?
ಕೊನೆಯ ಬಸ್ಸು ಕೋಡಿಬಾಗ ದಾಟಿರುತ್ತದೆ,
ಕಾಳಿ ಸೇತುವೆಯ ಕೆಳಗೆ ಇಳಿತದ ನೀರು,
ಬೈತಖೋಲದ ನಮ್ಮ ಓಣಿಯಲ್ಲಿ
ಒಣಮೀನಿನ ವಾಸನೆ ಹೊದ್ದು ಮಲಗಿದ ನಾಯಿಗಳು.
ಆಗ ಅವನು ಕೆಮ್ಮುತ್ತಿದ್ದ.
ಮೊದಲು ಕೆಮ್ಮು, ಆಮೇಲೆ ನಮಸ್ಕಾರ,
ಆಮೇಲೆ ಆ ಗದ್ದಲ.
ಡ್ರಮ್ಮು, ದೋಣಿಯ ಅಡಿಗೆ ಬಂಡೆ ಬಡಿದ ಹಾಗೆ.
ಗಿಟಾರು, ಗಾಳಕ್ಕೆ ದೊಡ್ಡದೇನೋ ಸಿಕ್ಕು
ನೂಲು ಅಂಗೈ ಕೊಯ್ಯುತ್ತ ಓಡಿದ ಹಾಗೆ.
ಅತ್ತೆ ಗೋಡೆ ಕಡೆ ಹೊರಳಿ ಕೇಳುತ್ತಿದ್ದಳು:
"ಯಾರಿಗೆ ಹೊಡೀತಿದ್ದಾರೆ ಅಲ್ಲಿ?"

ನನಗೆ ಇಂಗ್ಲಿಷು ಬರುವುದಿಲ್ಲ. ಕಲಿತದ್ದು ಮೂರನೇ ಇಯತ್ತೆ.
ಅವನೇ ಹೇಳುತ್ತಿದ್ದ, ಅರ್ಧ ಕನ್ನಡ, ಅರ್ಧ ಕೊಂಕಣಿ:
"ಈ ಹುಡುಗನಿಗೆ ತನ್ನ ಊರು ಬೇಸರ ಬಂದಿದೆ.
ಕಾರಣ ಕೇಳಬೇಡಿ, ಅವನಿಗೂ ಗೊತ್ತಿಲ್ಲ.
ಜೋರಾಗಿ ಇಡಿ.
ನೆರೆಯವರು ಬೈದರೆ ನನ್ನ ಹೆಸರು ಹೇಳಿ."
ಹೇಳುತ್ತಿದ್ದೆವು.

ಅದೇ ಹೊತ್ತಿಗೆ ನನ್ನವನು ಟ್ರಾಲರಿನಲ್ಲಿ
ಎಂಜಿನ್ನಿನ ಪಕ್ಕ ಸೆಟ್ಟು ಕಟ್ಟಿಕೊಂಡು ಕೂತಿರುತ್ತಿದ್ದ.
ದೇವಗಡದ ದೀಪ ದಾಟಿ ಇನ್ನಷ್ಟು ಹೋದರೆ
ಹಾಡು ಉಪ್ಪು ಹಿಡಿದು ಉದುರುತ್ತಿತ್ತಂತೆ.
ಉಳಿದರ್ಧ ಹೇಗಿತ್ತು, ಸೋಮವಾರ ಬಂದು ಕೇಳುತ್ತಿದ್ದ.
ನಾನು ಬಾಯಲ್ಲೇ ಗಿಟಾರು ಬಾರಿಸಿ ತೋರಿಸುತ್ತಿದ್ದೆ,
ಸಾರಿಗೆ ಕಾಯಿ ಅರೆಯುತ್ತ.
ಮದುವೆಯಾಗಿ ಆರು ವರ್ಷವಾಗಿತ್ತು,
ನಾವಿಬ್ಬರು ಹಾಗೆ ನಕ್ಕದ್ದು ಅದೇ ಮೊದಲು.

ಪತ್ರ ಓದುವಾಗ ಅವನದೊಂದು ಹಟ.
ನೌಕಾನೆಲೆಗೆ ಊರು ಬಿಟ್ಟುಕೊಟ್ಟು
ನಂಬರಿನ ಮನೆಗಳಿಗೆ ಹೋದವರು ಹಾಡು ಕೇಳಿ ಬರೆದರೆ
ಹಳೇ ವಿಳಾಸವನ್ನೇ ಓದುತ್ತಿದ್ದ:
"ಅರ್ಗಾ, ಹುಣಸೆಮರದ ಹತ್ತಿರದ ಶಾಬಾ ಗೌಡ.
ಅರ್ಗಾ, ಬಾವಿಕಟ್ಟೆ ಮನೆಯ ತುಳಸು."
ಮರ ಇಲ್ಲ. ಬಾವಿಯ ಸುತ್ತ ತಂತಿಬೇಲಿ.
ಅವನು ಓದುವಷ್ಟು ಹೊತ್ತು ಇತ್ತು.

ಹಾಡು ಮುಗಿದ ಮೇಲೆ ಎರಡು ಉಸಿರು ಸುಮ್ಮನಿರುತ್ತಿದ್ದ.
ಅದಕ್ಕೆ ಮೇಲಿನವರು ಮೆಮೊ ಕೊಟ್ಟರಂತೆ,
ರೇಡಿಯೋದಲ್ಲಿ ಮೌನಕ್ಕೆ ಅನುಮತಿ ಇಲ್ಲ ಅಂತ.
ಮುಂದಿನ ಶನಿವಾರ ಮೂರು ಉಸಿರು.
ನಾನು ಎಣಿಸಿದ್ದೇನೆ.

ಕಣ್ಣಾರೆ ನೋಡಿದ್ದು ಒಂದೇ ಸಲ.
ಮೀನುಪೇಟೆಯಲ್ಲಿ, ಕಂಕುಳಲ್ಲಿ ಛತ್ರಿ ಇಟ್ಟ
ಬಡಕಲು ಗುಮಾಸ್ತ, ಚಪ್ಪಲಿಗೆ ಪಿನ್ನು.
ಮೊದಲು ಕೆಮ್ಮಿದ.
"ಬಂಗಡೆ ಹೇಗೆ ಕೊಟ್ಟೆ, ಬಾಯಿ?"
ನನ್ನ ಕೈ ಬುಟ್ಟಿಯಲ್ಲೇ ನಿಂತಿತು.
ಗುಡುಗಿಗೆ ಇಷ್ಟು ಸಣ್ಣ ಭುಜ ಇರುತ್ತದೆ ಅಂತ
ಯಾರು ಹೇಳಿದ್ದರು?
ಐವತ್ತಕ್ಕೆ ಎಂಟು ಅಂದೆ. ಹತ್ತು ಕೇಳಿದ.
ಹತ್ತು ಕೊಟ್ಟೆ, ಮೇಲೆ ಎರಡು.
ಅವನಿಗೆ ಸಂಶಯ ಬಂತು. ಕಿವಿರು ಎತ್ತಿ ನೋಡಿದ,
ಮೂಸಿದ, ನನ್ನ ಮುಖ ನೋಡಿದ,
ಚೀಲಕ್ಕೆ ಹಾಕಿಕೊಂಡು ಬೇಗ ಬೇಗ ನಡೆದ.
ತಾಜಾ ಇತ್ತು, ರುಜಾರ್ ಬಾಬ್.
ಬೆಳಗಿನ ರಂಪಣಿಯದು.
ಹೇಳಲಿಲ್ಲ.

ಮಣ್ಣಿಗೆ ಹೋಗಿದ್ದೆ. ಎಲ್ಲರ ಹಿಂದೆ ನಿಂತೆ.
ಅವನ ತಂಗಿಯಂತೆ, ಒಬ್ಬೊಬ್ಬರ ಕೈ ಹಿಡಿಯುತ್ತ ಬಂದು
ನೀವು ಯಾರು ಅಂದಳು.
ಚಂದ್ರಭಾಗಾ ಹರಿಕಂತ್ರ, ಬೈತಖೋಲ,
ಹದಿನೇಳು ಕಾರ್ಡು ಬರೆಸಿದ್ದೇನೆ, ನಾಲ್ಕು ಓದಿದ್ದಾನೆ,
ಅನ್ನಬೇಕಿತ್ತು.
"ಮೀನಿನವಳು" ಅಂದೆ,
ಸೆರಗಿಗೆ ಕೈ ಒರೆಸಿಕೊಳ್ಳುತ್ತ.

ಇವತ್ತು ಹತ್ತಕ್ಕೆ ಸೆಟ್ಟು ಹಾಕಿದೆ.
ಯಾರೋ ಹುಡುಗಿ ಹವಾಮಾನ ಓದಿದಳು:
ತೆಂಕಣ ಗಾಳಿ, ಮೀನುಗಾರರು ಎಚ್ಚರ.
ಚೆನ್ನಾಗಿಯೇ ಓದಿದಳು. ಕೆಮ್ಮಲಿಲ್ಲ.
ನನ್ನವನು ಗುರುವಾರವೇ ಕಡಲಿಗೆ ಹೋದವ,
ಅವನಿಗೆ ಸುದ್ದಿ ಗೊತ್ತಿಲ್ಲ.
ದೀಪ ದಾಟಿದ್ದರಿಂದ ಕೇಳಿಸುತ್ತಿಲ್ಲ
ಅಂದುಕೊಂಡು, ಈಗ, ಸೆಟ್ಟಿನ ತಲೆಗೆ
ಎರಡು ಬಡಿಯುತ್ತಿರಬಹುದು.

ಸೋಮವಾರ ಕೇಳುತ್ತಾನೆ.
ಕಾಯಿ ಒಂದು ತೆಗೆದಿಟ್ಟಿದ್ದೇನೆ.