ಮೂವತ್ತೇಳನೇ ಫಾರಂ

ಶಿಡ್ಲಘಟ್ಟದಲ್ಲಿ ಬಸ್ಸಿಳಿದರೆ ಮೊದಲು ಮೂಗಿಗೇ ಗೊತ್ತಾಗುತ್ತದೆ:
ಬೆಂದ ಗೂಡು, ಸತ್ತ ಹುಳ, ಹುಣಸೆ ಸೌದೆಯ ಹೊಗೆ.
ಎಂಬತ್ತೊಂಬತ್ತರಲ್ಲಿ ಕರ್ಚೀಫು ಹಿಡಿದುಕೊಂಡೇ ಒಳಗೆ ಹೋಗಿದ್ದೆ.
ಪಿಳ್ಳಮ್ಮ ನಕ್ಕಿದ್ದಳು,
"ಮೂಗು ಮುಚ್ಕೊಂಡು ಏನ್ ಬರ್ಕೊಂತೀಯಮ್ಮ?"

ಕೈಯಲ್ಲಿ ಸೈಕ್ಲೋಸ್ಟೈಲ್ ಆದ ಎಂಟು ಪುಟ.
ದೆಹಲಿಯಲ್ಲಿ ಯಾರೋ ಇಂಗ್ಲಿಷಿನಲ್ಲಿ ಯೋಚಿಸಿ
ಮೈಸೂರಿನಲ್ಲಿ ಯಾರೋ ಕನ್ನಡಕ್ಕಿಳಿಸಿದ್ದು.
ಕುಟುಂಬದ ಮುಖ್ಯ ದುಡಿಮೆಗಾರರು ಯಾರು?
ದಿನಕ್ಕೆ ಹತ್ತು ಗಂಟೆ ಕುದಿನೀರಲ್ಲಿ ಎಳೆ ಹುಡುಕುವ ಬೆರಳು
ನೆರಳಲ್ಲಿ ಬೀಡಿ ಹಚ್ಚುತ್ತಿದ್ದ ಗಂಡನ ಕಡೆ ತೋರಿಸಿತು.
ಗಂಗುಲಪ್ಪ, ಅಂತ ಬರೆದೆ.
ಇವತ್ತಿಗೂ ಹಾಗೇ ಇದೆ.

ಕುಡಿಯುವ ನೀರಿನ ಮೂಲ: ಬಾವಿ, ಬೋರ್‌ವೆಲ್, ಇತರೆ.
"ಸೇದೋರು ಸೇದಿ ಹಾಕ್ತಾರೆ" ಅಂದಳು.
ಎಷ್ಟು ಮೇಲಿಂದ? ಅದಕ್ಕೆ ಕಾಲಂ ಇರಲಿಲ್ಲ.
ಕೇಳದೆಯೂ ಬಗ್ಗಿ ತೋರಿಸಿದಳು, ಬೊಗಸೆಯೊಡ್ಡಿ,
ಇನ್ನೊಂದು ಕೈ ಅವರ ಕೊಡವಾಗಿ ಮೇಲೆ ನಿಂತಿತು.
ಗೋಡೆ ಅಳೆಯಲೆಂದು ಕೊಟ್ಟ ಟೇಪು ಚೀಲದಲ್ಲಿತ್ತು.
ಅಳೆದೆ.
ಎರಡಡಿ ಎಂಟಿಂಚು.
ಹಾಳೆಯ ಅಂಚಿನಲ್ಲಿ, ಪೆನ್ಸಿಲಿನಲ್ಲಿ.

ಆಮೇಲೆ ಮೂವತ್ತು ವರ್ಷ ಅಂಚಿನಲ್ಲೇ ಬರೆದೆ.
ಗುಡಿಬಂಡೆಯ ಹೋಟೆಲಿನ ಹಿಂದೆ ಕವುಚಿಟ್ಟ ಎರಡು ಲೋಟ.
ಚಿಂತಾಮಣಿ ಕಡೆಯ ಅಂಗನವಾಡಿ: ಹೊಸ್ತಿಲಾಚೆ ಒಂದು ಮಗು,
ಮನೆಯಿಂದ ತಂದ ತಟ್ಟೆ.
ಬಾಗೇಪಲ್ಲಿ ಹತ್ತಿರ ಒಬ್ಬ ಪಂಚಾಯ್ತಿ ಅಧ್ಯಕ್ಷೆ,
ಸಭೆ ಮುಗಿಯುವ ತನಕ ನಿಂತೇ ಇದ್ದವಳು,
"ಕಾಲು ನೋವಮ್ಮ, ಕೂತ್ರೆ ಜಾಸ್ತಿ" ಅಂದವಳು.

ಸೆಮಿನಾರಿನಲ್ಲಿ ಒಬ್ಬರು ಕನ್ನಡಕ ತೆಗೆದು ಕೇಳಿದರು,
ಇದು ಡೇಟಾನಾ, ಕಥೆನಾ?
ಎರಡಡಿ ಎಂಟಿಂಚು, ಸರ್, ಅಂದೆ.
ಊಟಕ್ಕೆ ಹೊತ್ತಾಗಿತ್ತು.

ರೀಡರ್ ಆದೆ. ಪ್ರೊಫೆಸರ್ ಆದೆ.
ಸಮಾನತೆ ಬೇರೆ, ಸಮತೆ ಬೇರೆ ಎಂದು ವಿವರಿಸುತ್ತ
ಸಮಿತಿಗಳಲ್ಲಿ ಎಷ್ಟು ಗೋಡಂಬಿ ಬಿಸ್ಕತ್ತು ತಿಂದೆನೋ.
ನಿವೃತ್ತಿಗೆ ಶಾಲು, ಗಂಧದ ಹಾರ,
ವಾರದಲ್ಲೇ ನಿಂತುಹೋದ ಗಡಿಯಾರ.

ಟ್ರಂಕು ಖಾಲಿ ಮಾಡುವಾಗ ಸಿಕ್ಕಿತು, ಮೂವತ್ತೇಳು.
ಕೊನೇ ಪುಟದಲ್ಲಿ ಒಪ್ಪಿಗೆಯ ಹೆಬ್ಬೆಟ್ಟು, ನೇರಳೆ ಶಾಯಿ,
ಸುತ್ತಿ ಸುತ್ತಿ ಒಳಗಿಳಿದ ಗೆರೆ,
ಇನ್ನೂ ಬಿಚ್ಚದ ಗೂಡಿನ ಹಾಗೆ.

ಹಿಡಿದುಕೊಂಡು ಬಂದಿದ್ದೇನೆ. ರೇಷನ್ ಅಂಗಡಿಯ ಸಾಲಲ್ಲಿದ್ದಾಳೆ ಪಿಳ್ಳಮ್ಮ.
ಯಂತ್ರದ ಮೇಲೆ ಬೆರಳಿಡುತ್ತಾಳೆ.
ಸೆರಗಿಗೆ ಒರೆಸುತ್ತಾಳೆ, ತಲೆಯ ಎಣ್ಣೆಗೆ ಉಜ್ಜುತ್ತಾಳೆ, ಇಡುತ್ತಾಳೆ.
ಕೆಂಪು ದೀಪ.
ಎಡಗೈ. ಕೆಂಪು.
ಗೂಡಿನ ಜೊತೆ ಬೆರಳಿನ ಎಳೆಯನ್ನೂ
ಕುದಿನೀರು ಬಿಚ್ಚಿಕೊಂಡಿದೆ.

ಹಾಳೆ ಕೊಟ್ಟೆ. ಬೆಳಕಿಗೆ ಹಿಡಿದಳು.
"ಇದು ನಂದಾ?
ಎಷ್ಟು ಚೆನ್ನಾಗಿತ್ತಲ್ಲಾ."
ಅಂಗಡಿಯವ ಕತ್ತೆತ್ತದೆ ಹೇಳಿದ: ಹಳೇದು ನಡೆಯಲ್ಲ ಮೇಡಂ.

ಜೊತೆಗಿದ್ದ ಮೊಮ್ಮಗಳು, ಡಿಗ್ರಿ ಎರಡನೇ ವರ್ಷ,
ಫಾರಮ್ಮನ್ನು ಮೊದಲಿಂದ ಓದಿದಳು.
ತಾತನ ಹೆಸರಿನ ಹತ್ತಿರ ಸ್ವಲ್ಪ ಹೊತ್ತು ನಿಂತಳು.
ಆಮೇಲೆ ಖಾಲಿ ಬೆನ್ನು ತಿರುಗಿಸಿ, ಪೆನ್ನು ತೆಗೆದು,
"ಈಗ ನೀವು ಹೇಳಿ, ನಾನು ಬರ್ಕೊಂತೀನಿ.
ನಿಮ್ಮನೇಲಿ ಪಾತ್ರೆ ತೊಳೆಯೋರಿಗೆ ಟೀ ಯಾವ ಲೋಟದಲ್ಲಿ?"
ಸ್ಟೀಲಿನದು, ಅಂದೆ.
"ಎಲ್ಲಿಡ್ತೀರ ಅದನ್ನ?"

ಹಿತ್ತಲ ಕಿಟಕಿಯ ಸರಳಿಗೆ ಒಂದು ಕೊಕ್ಕೆಯಿದೆ.
ಅತ್ತೆ ಹಾಕಿಸಿದ್ದು.
ಅತ್ತೆ ಹೋಗಿ ಒಂಬತ್ತು ವರ್ಷ.

ಹುಡುಗಿ ಕಾಯುತ್ತಿದ್ದಳು.
ಸಾಲು ಹಿಂದಿನಿಂದ ನೂಕುತ್ತಿತ್ತು.
ಪಿಳ್ಳಮ್ಮ ಬೆರಳಿಗೆ ಬಾಯಿಂದ ಉಫ್ ಎಂದು ಊದಿ
ಇನ್ನೊಂದು ಸಲ ಇಟ್ಟಳು.